ಜಾಳಿಮನೆಯ ಮೂರನೇ ಸಾಲು

ಐನಾಪುರದ ಹೊರಗೆ ಬಿಸಿಲು ಇನ್ನೂ ನೆಲಕ್ಕೆ ಇಳಿದಿಲ್ಲ. ರೋಗ ಹತ್ತಿದ ಮೋಸಂಬಿ ಗಿಡವೊಂದರ ಮುಂದೆ ಗುಲಾಮ ದಸ್ತಗೀರ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬಾಯಲ್ಲಿ ರಬ್ಬರ್ ನಳಿಕೆ, ಅದರ ಇನ್ನೊಂದು ತುದಿಗೆ ಗಾಜಿನ ಕೊಳವೆ. ಕೊಳವೆಯನ್ನು ಎಳೆ ಚಿಗುರಿನ ಹತ್ತಿರ ಒಯ್ದು ಮೆಲ್ಲಗೆ ಉಸಿರೆಳೆಯುತ್ತಾರೆ. ಸಾಸಿವೆ ಕಾಳಿನಷ್ಟು ಕಂದು ಹುಳವೊಂದು ಗಾಜಿನೊಳಗೆ ಬಂದು ಬೀಳುತ್ತದೆ. ನಡುವೆ ತೆಳ್ಳನೆಯ ಬಟ್ಟೆ ಕಟ್ಟಿರುವುದರಿಂದ ಬಾಯಿಗೆ ಬರುವುದಿಲ್ಲ. "ಒಮ್ಮೆ ಬಟ್ಟಿ ಬಿಚ್ಚಿತ್ರಿ" ಎನ್ನುತ್ತಾರೆ. "ರುಚಿ ಹ್ಯಾಂಗಿತ್ತು ಅಂತ ಮಾತ್ರ ಕೇಳಬ್ಯಾಡ್ರಿ."

ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ ಕೂರುವ ಈ ಹುಳ ಬೆಳಗಿನ ತಂಪಿಗೆ ಜಡವಾಗಿರುತ್ತದೆ. ಬಿಸಿಲೇರಿತೋ, ಚಿಮ್ಮಿ ಹಾರುತ್ತದೆ. ಹಾಗಾಗಿ ದಸ್ತಗೀರರ ಚಹಾ ಏನಿದ್ದರೂ ಹುಳ ಹಿಡಿದ ಮೇಲೆ. ಸರ್ಕಾರದ ಈ ಸಣ್ಣ ಪ್ರಯೋಗದ ತೋಟದಲ್ಲಿ ಅವರು ದಿನಗೂಲಿ. ವಯಸ್ಸು ಅರವತ್ತು ದಾಟಿದೆ. ಚಿಂಚೋಳಿಯಲ್ಲಿ ಬಸ್ಸಿಳಿದು ಅವರ ಹೆಸರು ಹೇಳಿದರೆ ಜನ "ಯಾರು, ಹುಳದ ದಸ್ತಗೀರ?" ಎಂದು ನಗುತ್ತಾರೆ.

ಮೊದಲು ಹೀಗೆ ಕರೆಯುತ್ತಿರಲಿಲ್ಲ. ಮೈಸೂರು ರಾಜ್ಯವೆಂದೇ ಹೆಸರಿದ್ದ ಕಾಲದಲ್ಲಿ, ಬಾವಿಗಳಿಗೆ ಪಂಪು ಬಂದು ಅಲ್ಲಲ್ಲಿ ಮೋಸಂಬಿ ತೋಟಗಳು ಏಳುತ್ತಿದ್ದಾಗ, ಕಸಿ ಕಟ್ಟಬೇಕೆಂದರೆ ಇವರೇ ಬೇಕು. ಮನೆಯ ಹಿತ್ತಲಲ್ಲಿ ಅಪ್ಪ ಬೆಳೆಸಿದ ಗಿಡವಿತ್ತು. ಸಿಪ್ಪೆ ತೆಳು, ರಸ ಧಾರಾಳ. ಅದರ ಟೊಂಗೆಯಿಂದ ಮೊಗ್ಗಿನ ಕಣ್ಣು ಎತ್ತಿ ಒರಟು ನಿಂಬೆಯ ಸಸಿಗೆ ಕೂಡಿಸುತ್ತಿದ್ದರು. ಕೊಡ್ಲಿಯಿಂದ ಸೇಡಂವರೆಗಿನ ಎಷ್ಟೋ ತೋಟಗಳು ಆ ಒಂದು ಗಿಡದ ಮಕ್ಕಳು. ವಾಡಿ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಬುಟ್ಟಿಯಲ್ಲಿ ಮಾರುತ್ತಿದ್ದುದೂ ಅದೇ ಹಣ್ಣು.

ಆಮೇಲೆ ತೋಟಗಳು ಹಳದಿಯಾಗತೊಡಗಿದವು. ಕಾಯಿ ಸೊಟ್ಟಗಾಗಿ, ಅಡಿ ಹಸಿರಾಗಿಯೇ ಉಳಿದು, ಬಾಯಿಗಿಟ್ಟರೆ ಕಹಿ. ಗೊಬ್ಬರ ಸಾಲದು ಎಂದುಕೊಂಡು ರೈತರು ಗಾಡಿಗಟ್ಟಲೆ ಸುರಿದರು. ಗಿಡ ಸತ್ತ ಜಾಗದಲ್ಲಿ ಮತ್ತೆ ದಸ್ತಗೀರರನ್ನು ಕರೆಸಿದರು. "ನಾನರೇ ಏನು ಮಾಡ್ದೆ? ಮತ್ತ ಅದೇ ಗಿಡದ ಕಣ್ಣು ತಂದು ಕೂಡಿಸ್ದೆ. ಚಲೋ ಗಿಡ ಅಂತ ತಂದೆ."

ಕೊಡ್ಲಿಯ ನಾಗೇಂದ್ರಪ್ಪನವರ ತೋಟದಲ್ಲಿ ಹೀಗೆ ಎರಡು ಸಲ ಕಸಿ ಕಟ್ಟಿದರು. ಎರಡು ಸಲವೂ ತೋಟ ಹೋಯಿತು. ನಾಗೇಂದ್ರಪ್ಪ ಮಾತು ಬಿಟ್ಟರು. ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದರು.

ರೋಗದ ಬೆನ್ನು ಹತ್ತಿ ಬಂದವರು ವಿಜ್ಞಾನಿ ರೇವಣಸಿದ್ದಯ್ಯ. ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿ ಗಿಡದ ರಸನಾಳ ಸೇರಿ ಈ ರೋಗ ತರುತ್ತದೆ, ಒಂದು ಗಿಡದಿಂದ ಇನ್ನೊಂದಕ್ಕೆ ಅದನ್ನು ಒಯ್ಯುವುದು ಈ ಕಂದು ಹುಳ ಎಂದು ಬೇರೆ ಕಡೆಯ ಸಂಶೋಧನೆ ಹೇಳಿತ್ತು. ಇಲ್ಲಿ ಹುಳ ಮಾತ್ರವೋ, ಕಸಿಯ ಕೈವಾಡವೂ ಇದೆಯೋ ತಿಳಿಯಬೇಕಿತ್ತು. ಸೊಳ್ಳೆಪರದೆಯಂಥ ಬಲೆ ಬಿಗಿದ ಮನೆ ಕಟ್ಟಿಸಿದರು. ದಸ್ತಗೀರ ಅದನ್ನು ಜಾಳಿಮನೆ ಎನ್ನುತ್ತಾರೆ. ಮೊದಲ ಸಾಲಿನ ಸಸಿಗಳಿಗೆ ಒಳಪರದೆ ಕಟ್ಟಿ, ರೋಗದ ಗಿಡದಿಂದ ಹಿಡಿದ ಹುಳ ಬಿಟ್ಟರು. ಎರಡನೇ ಸಾಲಿಗೆ ಹುಳ ಸೋಕಿಸದೆ, ದಸ್ತಗೀರರ ಹಿತ್ತಲ ಗಿಡದ ಕಣ್ಣು ಕೂಡಿಸಬೇಕಿತ್ತು. ಕೂಡಿಸಿದವರು ಖುದ್ದು ದಸ್ತಗೀರ.

ಬೇರೆ ಗಿಡದ ಕಣ್ಣು ಕೂಡಿಸಿದ್ದರೆ ಯಾರಿಗೆ ತಿಳಿಯುತ್ತಿತ್ತು ಎಂದು, ಪತ್ರಿಕೆಗೆ ಬರೆಯಲು ಬಂದಿದ್ದ ನಾನು ಕೆಣಕಿದೆ. ಅವರಿಗೆ ಕೋಪ ಬರಲಿಲ್ಲ. "ಮನಸಿಗಿ ಬಂದಿತ್ರಿ, ಸುಳ್ಳು ಯಾಕ ಹೇಳ್ಲಿ. ಆದ್ರ ಮತ್ತ ಅದೇ ಕಣ್ಣು ಊರೂರಿಗಿ ಹೋಗ್ತಿತ್ತಲ್ರಿ."

ಎರಡೂ ಸಾಲು ಹಳದಿಯಾದವು. "ಹುಳನೂ ತರ್ತದ, ಕಣ್ಣಿನ ಗುಂಟನೂ ಹೋಗ್ತದ ಅಂತ ಗೊತ್ತಾಯ್ತು" ಎನ್ನುತ್ತಾರೆ ರೇವಣಸಿದ್ದಯ್ಯ. "ಅವರಿಗೆ ಹ್ಯಾಂಗ ಹೇಳೋದು ಅಂತ ಒದ್ದಾಡಾಕತ್ತಿದ್ದೆ. ಹೋಗಿ ನೋಡಿದ್ರ, ಎರಡನೇ ಸಾಲಿನ ಮುಂದ ಅವರೇ ಕೂತಿದ್ರು." ಹಿತ್ತಲ ಗಿಡಕ್ಕೆ ರೋಗ ತಂದದ್ದು ಹುಳ, ಅಲ್ಲಿಂದ ತೋಟಗಳಿಗೆ ಒಯ್ದದ್ದು ದಸ್ತಗೀರರ ಚಾಕು.

ಅಪ್ಪನ ಗಿಡವನ್ನು ಅವರೇ ಕಡಿದು ಸುಟ್ಟರು. ಈ ಹುಳ ಕರಿಬೇವಿನ ಚಿಗುರಲ್ಲೂ ಮರಿ ಮಾಡುತ್ತದೆ ಎಂದು ಹಿತ್ತಲಿನ ಕರಿಬೇವನ್ನೂ ಕಿತ್ತರು. ಹೆಂಡತಿ ಹಮೀದಾಬೇಗಂ ಅದನ್ನು ಇನ್ನೂ ಮರೆತಿಲ್ಲ. "ಮೋಸಂಬಿ ಹೋದ್ರ ಹೋಗ್ಲಿ, ಒಗ್ಗರಣಿಗಿ ಚಿಂಚೋಳಿ ಸಂತಿಗಿ ಹೋಗಬೇಕಾಗ್ಯಾದ್ರಿ ನಾನು" ಎಂದು ಗಂಡ ಎದುರಿಗಿರುವಾಗಲೇ ದೂರುತ್ತಾರೆ. ಆಮೇಲೆ ದಸ್ತಗೀರ ತಾವು ಕಸಿ ಕಟ್ಟಿದ ತೋಟಗಳಿಗೆಲ್ಲ ನಡೆದು ಹೋಗಿ, ರೋಗದ ಗಿಡ ಕಿತ್ತುಹಾಕಿ ಎಂದು ಹೇಳಿ ಬಂದರು. ಕೆಲವರು ನೀರು ಕೊಟ್ಟರು, ಕೆಲವರು ಗೇಟಿನಿಂದಲೇ ಅಟ್ಟಿದರು. ಕೇಳಿ ನನಗೆ ಸಂಕಟವಾಯಿತು. ಹೇಳಿದವರು ಮಾತ್ರ ಕೊಳವೆ ಒರೆಸುತ್ತಿದ್ದರು.

ಜಾಳಿಮನೆಯಲ್ಲಿ ಈಗ ಮೂರನೇ ಸಾಲೊಂದಿದೆ. ಮಗಳು ಶಹರಬಾನುವನ್ನು ಚಿತ್ತಾಪುರಕ್ಕೆ ಕೊಟ್ಟಾಗ, ರೋಗ ಬರುವುದಕ್ಕೂ ಮೊದಲು, ಅಪ್ಪನ ಗಿಡದ ಒಂದು ಕಸಿಯನ್ನು ಅವಳ ಜೊತೆ ಕಳಿಸಿದ್ದರು. ಅದು ಅವಳ ಮನೆಯ ನೀರಿನ ತೊಟ್ಟಿಯ ಪಕ್ಕ ಬೆಳೆದು ನಿಂತಿದೆ. ಸುತ್ತಮುತ್ತ ಬೇರೆ ಮೋಸಂಬಿ ಇಲ್ಲ. ದಸ್ತಗೀರ ಹೋಗಿ ಒಂದು ಟೊಂಗೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು, ಅದರ ಕಣ್ಣುಗಳನ್ನು ಈ ಸಾಲಿಗೆ ಕೂಡಿಸಿದರು. "ಅಬ್ಬಾ, ಕೊಟ್ಟದ್ದು ವಾಪಸ್ ಒಯ್ಯಾಕತ್ತೀರೇನು?" ಎಂದು ಮಗಳು ನಕ್ಕಳಂತೆ.

ಈ ಸಾಲೂ ಹಳದಿಯಾದರೆ ಅಪ್ಪನ ಗಿಡದ ವಂಶ ಮುಗಿಯಿತು, ಹೊಸದಾಗಿ ಕಸಿ ಕೊಡುವ ಆಸೆಯೂ ಮುಗಿಯಿತು. ಹಸಿರಾಗಿ ಉಳಿದರೆ ಅದೇ ಹೊಸ ತಾಯಿಗಿಡ. ದಸ್ತಗೀರ ಒಂದು ಎಲೆಯನ್ನು ನಡುನರದ ಉದ್ದಕ್ಕೂ ಮಡಚಿ ತೋರಿಸುತ್ತಾರೆ. "ಎರಡೂ ಕಡಿ ಒಂದೇ ನಮೂನಿ ಹಳದಿ ಇದ್ರ ಗೊಬ್ಬರದ ಕೊರತಿ. ಕಡಿಗೊಂದು ನಮೂನಿ ಇದ್ರ ಈ ರೋಗ." ಈ ಎಲೆ ಎರಡೂ ಕಡೆ ಹಸಿರು. ಹಾಗಾದರೆ ಗೆದ್ದಿರಲ್ಲ ಎಂದೆ. "ಇಲ್ರಿ. ಮಳೆಗಾಲದ ಚಿಗುರು ಬರ್ಲಿ, ಆಮ್ಯಾಲ ಹೇಳ್ತೀನಿ ಅಂದಾರ ಸಾಹೇಬ್ರು." ಗೆದ್ದರೆ ಮೊದಲ ಸಸಿ ಯಾರಿಗೆ ಎಂದು ಕೇಳಿದರೆ, ಕೊಡ್ಲಿಯ ಕಡೆ ನೋಡುತ್ತಾರೆ.

ಹಿಂದಿನ ದಿನವಷ್ಟೇ ನಾನು ಕೊಡ್ಲಿಗೆ ಹೋಗಿದ್ದೆ. ಮೋಸಂಬಿ ಇದ್ದಲ್ಲಿ ಈಗ ಬರೀ ಹೊಲ. "ಸಿಟ್ಟು ಬರದೇ ಇರ್ತದೇನ್ರಿ?" ಎಂದರು ನಾಗೇಂದ್ರಪ್ಪ. "ಆದ್ರ ತಪ್ಪಾತು ಅಂತ ಬಿಸಿಲಾಗ ನಡಕೋತ ಬಂದು ಹೇಳ್ದವ ಅವನೊಬ್ಬನೇ. ಅವತ್ತು ನಾ ಕುಂದ್ರು ಅಂತನೂ ಅನ್ಲಿಲ್ಲ." ಆಮೇಲೆ ಬಾವಿಯ ಕಡೆ ಕೈ ತೋರಿಸಿದರು. "ಮಳಿ ಬಿದ್ರ ಎಲ್ಲಾ ತೊಗರಿ ಬಿತ್ತೋದೇ. ಅಲ್ಲೊಂದು ಸಸಿ ಹಚ್ಚೋ ತಗ್ಗು ತೆಗೆದು ಹಂಗೇ ಬಿಟ್ಟೀನಿ. ಅವಗ ಹೇಳಬ್ಯಾಡ್ರಿ ಮತ್ತ."

ಪತ್ರಿಕೆಯವನ ಹೊಟ್ಟೆಯಲ್ಲಿ ಇಂಥ ಮಾತು ಎಷ್ಟು ಹೊತ್ತು ನಿಂತೀತು? ಜಾಳಿಮನೆಯ ಬಾಗಿಲಲ್ಲಿ ಹೇಳಿಯೇಬಿಟ್ಟೆ.

ದಸ್ತಗೀರ ಮೂರನೇ ಸಾಲಿಗೆ ನೀರು ಹಾಕುತ್ತಿದ್ದರು. ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಕೊನೆಯ ಸಸಿಗೂ ನೀರು ಹಾಕಿ, ಝಾರಿ ಕೆಳಗಿಟ್ಟು, ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ತಗ್ಗು ಎಷ್ಟು ಆಳ ತೆಗೆದಾರ್ರಿ, ನೋಡಿದ್ರೇನು?"