ಒಂದನೇ ನಂಬರಿನ ಹುಡುಗಿ

ಇಳಕಲ್ಲಿನ ಆ ಕನ್ಯಾ ಶಾಲೆಗೆ ನಾನು ಬಂದಾಗ ನನಗೆ ಇಪ್ಪತ್ತೆರಡು ವರ್ಷ. ಐವತ್ತರ ದಶಕದ ಮೊದಲ ವರ್ಷಗಳು. ಬಾಗಲಕೋಟೆಯಿಂದ ಹುನಗುಂದ ಹಾಯ್ದು ಬರುವ ಬಸ್ಸು ನನ್ನನ್ನೂ ನನ್ನ ಟ್ರಂಕನ್ನೂ ಧೂಳಿನಲ್ಲಿ ಅದ್ದಿ ತೆಗೆದು ಇಳಿಸಿತ್ತು. ಅಂದು ಹತ್ತಿದ ದಣಿವು ಆ ಊರಲ್ಲಿ ಇದ್ದಷ್ಟು ದಿನವೂ ಬಿಡಲಿಲ್ಲ. ಒಂದೇ ಕೋಣೆ, ಎರಡು ಇಯತ್ತೆಯ ತರಗತಿ, ಕಲಿಸುವವಳು ನಾನೊಬ್ಬಳೇ. ಈ ಗೋಡೆಗೆ ಮುಖ ಮಾಡಿದವರು ಮಗ್ಗಿ ಒದರಬೇಕು, ಆ ಗೋಡೆಗೆ ಮುಖ ಮಾಡಿದವರು ಪಾಟಿಯ ಮೇಲೆ ಬರೆಯಬೇಕು. ಸಂಜೆಯ ಹೊತ್ತಿಗೆ ಗಂಟಲೂ ಇಲ್ಲ, ಸೊಂಟವೂ ಇಲ್ಲ.

ಶಾಲೆಯೆಂದರೆ ಒಂದು ಕಾಲದ ಮಗ್ಗದ ಮನೆ. ನೇಕಾರರು ಕಾಲು ಇಳಿಬಿಟ್ಟು ಕೂತು ನೇಯುವ ಕುಣಿಯನ್ನು ಮಣ್ಣು ಹಾಕಿ ಮುಚ್ಚಿದ್ದರು. ಎಷ್ಟು ಬಡಿದು ಗಟ್ಟಿ ಮಾಡಿದರೂ ಮಳೆಗಾಲ ಬಂತೆಂದರೆ ಆ ಜಾಗ ಕುಸಿಯುತ್ತಿತ್ತು. ನನ್ನ ಕುರ್ಚಿ ಇದ್ದದ್ದೂ ಅಲ್ಲೇ. ಒಂದು ಕಡೆ ವಾಲಿಕೊಂಡೇ ನಾನು ಆ ಶಾಲೆ ನಡೆಸಿದೆ.

ಬಾಗಿಲ ಮೇಲಿನ ಬೋರ್ಡಿನಲ್ಲಿ ಒಬ್ಬ ಹುಡುಗಿಯ ಹೆಸರಿತ್ತು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದು ಬರೆದು ಸಾಕಾಗಿದೆ. ಏಳು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡ ಮಗು ಅದು. ಗಂಡನನ್ನು ಮೊದಲೇ ಕಳೆದುಕೊಂಡಿದ್ದ ತಾಯಿ, ಮಗಳ ನೆನಪಿಗೆಂದು ಮಗ್ಗದ ಮನೆಯನ್ನೇ ಶಾಲೆಗೆ ಬರೆದುಕೊಟ್ಟು, ತಾನು ಹಿಂದಿನ ಎರಡು ಅಂಕಣಗಳಲ್ಲಿ ಉಳಿದಿದ್ದಳು. ಪ್ರತಿ ಆಗಸ್ಟ್ ಹದಿನೈದಕ್ಕೆ ಊರ ಹಿರಿಯರೊಬ್ಬರು ಆಕೆಯ ದೊಡ್ಡ ಮನಸ್ಸನ್ನು ಹೊಗಳಿ ಭಾಷಣ ಮಾಡುತ್ತಿದ್ದರು. ಆಕೆ ನೆಲ ನೋಡುತ್ತ ಕೂತಿರುತ್ತಿದ್ದಳು.

ಮನೆ ಕೊಡುವಾಗ ಆಕೆ ಹಾಕಿದ ಷರತ್ತು ಒಂದೇ. ಒಂದನೇ ಇಯತ್ತೆಯ ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ತನ್ನ ಮಗಳದಿರಬೇಕು, ದಿನಾ ಅದನ್ನು ಕರೆಯಬೇಕು. ನನಗಿಂತ ಮೊದಲು ಅಲ್ಲಿ ಕಲಿಸುತ್ತಿದ್ದ ಅಕ್ಕೋರು ಒಪ್ಪಿಕೊಂಡು ನಡೆಸಿದ್ದರು. ಹೆಸರು ಕರೆದ ಕೂಡಲೇ ಹುಡುಗಿಯರೆಲ್ಲ ಒಟ್ಟಾಗಿ "ಹಾಜರ್‌ರೀ" ಎನ್ನುವುದು, ಅಕ್ಕೋರು ಗುರುತು ಹಾಕುವುದು.

ನನಗೆ ಇದು ಸುತರಾಂ ಹಿಡಿಸಲಿಲ್ಲ. ಸತ್ತವಳು ಹಾಜರು, ಬದುಕಿದವರಲ್ಲಿ ಅರ್ಧ ಜನ ಗೈರುಹಾಜರು, ಇದೆಂಥ ಶಾಲೆ! ಬಂದ ಮೊದಲ ವಾರವೇ ಆ ಹೆಸರು ಬಿಟ್ಟು ಎರಡರಿಂದ ಕರೆದೆ. ಮಗಳ ಹೆಸರು ಕೇಳಲು ದಿನಾ ಕಿಟಕಿಯ ಹೊರಗೆ ಬಂದು ಕೂರುತ್ತಿದ್ದ ತಾಯಿ ಎದ್ದು ನಿಂತಳು. ಬೈಯಲಿಲ್ಲ, ಅಳಲಿಲ್ಲ.

"ಅಕ್ಕೋರ, ಒಂದ ಬಿಟ್ರಿ" ಎಂದಳು ಅಷ್ಟೇ.

ಮಧ್ಯಾಹ್ನದವರೆಗೂ ಹಾಗೇ ನಿಂತಿದ್ದಳು. ನನ್ನ ಸಿಟ್ಟಿಗೆ ನಮ್ಮ ಮನೆಯಲ್ಲಿ ಎಲ್ಲರೂ ಹೆದರುತ್ತಿದ್ದರು. ಈಕೆಯ ಮುಂದೆ ಅದು ನಡೆಯಲಿಲ್ಲ. ಊಟದ ಬಿಡುವು ಮುಗಿದ ಮೇಲೆ ಪುಸ್ತಕ ತೆರೆದು ಹೆಸರು ಕರೆದೆ. ಆಮೇಲೆ ಐದು ವರ್ಷ, ದಿನಕ್ಕೊಂದು ಸುಳ್ಳು ಗುರುತು ಹಾಕಿ ಕೆಳಗೆ ನನ್ನ ಸಹಿ ಮಾಡಿದೆ. ವಾದ ಮಾಡುವ ತ್ರಾಣ ಇರಲಿಲ್ಲ ಎಂದರೆ ಹೆಚ್ಚು ಸರಿ.

ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಹೊಸ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ದಕ್ಷಿಣದ ಕಡೆಯವರು, ಸಣ್ಣ ದನಿ. ಹಾಜರಿ ಪುಸ್ತಕ ತೆಗೆದುಕೊಂಡು ತಾವೇ ಹೆಸರು ಕರೆದರು. ಇಡೀ ವರ್ಗ "ಹಾಜರ್‌ರೀ" ಎಂದಿತು.

"ಎಲ್ಲರೂ ಯಾಕೆ ಹೇಳ್ತೀರಿ? ಒಂದನೇ ನಂಬರ್ ಯಾರಮ್ಮ, ಎದ್ದು ನಿಲ್ಲು" ಎಂದರು.

ಯಾರೂ ಏಳಲಿಲ್ಲ. ಮುಂದಿನ ಸಾಲಿನ ಒಂದು ಚೂಟಿ ಹುಡುಗಿ ಅವರಿಗೆ ಸಹಾಯ ಮಾಡಲು ಹೊರಟಿತು.

"ಆಕಿ ಇಲ್ಲಿಲ್ರಿ ಸಾಹೇಬ್ರ. ಬೋರ್ಡಿನ ಮ್ಯಾಲೆ ಅದಾಳ್ರಿ."

ನಾನು ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಅರ್ಥವಾಗುತ್ತಮ್ಮ. ಆದರೆ ಇದು ಸುಳ್ಳು ಹಾಜರಿ. ಮುಂದಿನ ಸಲ ಕಂಡರೆ ನಿಮ್ಮ ನೌಕರಿ ಉಳಿಸೋದು ನನ್ನ ಕೈಲಿ ಇರೋದಿಲ್ಲ. ಇವತ್ತೇ ತೆಗೆದುಬಿಡಿ" ಎಂದು ಪುಸ್ತಕ ಮುಚ್ಚಿ ಕೊಟ್ಟರು. ನನ್ನ ಸಂಬಳದ ಮೇಲೆ ಬಾಗಲಕೋಟೆಯಲ್ಲಿ ತಾಯಿ ಮತ್ತು ಇಬ್ಬರು ತಮ್ಮಂದಿರು ಇದ್ದರು.

ಶಾಲೆ ಬಿಟ್ಟ ಮೇಲೆ ಹಿತ್ತಲಿಗೆ ಹೋದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಐದು ವರ್ಷ ಈ ಹೆಸರಿನಿಂದ ಬಿಡುಗಡೆ ಬೇಕೆಂದು ಹಲುಬಿದ ನಾನು ಆಕೆಯ ಪಕ್ಕ ಕೂತು ಒಂದು ಹಿಡಿ ಜೋಳ ಆರಿಸಿದೆ. ಕೊನೆಗೆ ಇನ್ಸ್‌ಪೆಕ್ಟರ ಮಾತು ಹೇಳಿದೆ.

"ಪುಸ್ತಕದಾಗ ಬರಿಯಾಕ ಬರಂಗಿಲ್ರಿ ಅವ್ವಾ. ಆದ್ರ ನಾ ಬಾಯಿಲೆ ದಿನಾ ಕರೀತೇನಿ. ಅದಕ್ಕ ಯಾರೂ ಏನೂ ಅನ್ನಂಗಿಲ್ಲ."

ಆಕೆ ಮೊರವನ್ನು ಕೆಳಗಿಟ್ಟಳು. ಅಂದು ಮಧ್ಯಾಹ್ನದವರೆಗೆ ನಿಂತ ಹಟವನ್ನೇ ಮತ್ತೆ ನಾನು ಕಾಯುತ್ತಿದ್ದೆ.

"ಬ್ಯಾಡ್ರಿ ಅಕ್ಕೋರ. ಎಷ್ಟ ವರ್ಷಂತ ಒಂದನೇ ಇಯತ್ತೇದಾಗ ಕುಂದ್ರತಾಳ? ಆಕಿ ಜೋಡಿ ಆಡಿದ ವಾರಿಗಿಯವ್ರು ಕೂಸು ಎತಗೊಂಡು ತಿರಗಾಕತ್ತಾರ. ಸಾಲಿ ಬಿಡೋ ಹುಡಿಗ್ಯಾರಿಗೆ ನೀವು ದಾಖಲಾ ಕೊಡ್ತೀರಲ್ಲ, ಹಂಗ ಈಕಿಗೂ ಒಂದು ಕೊಟ್ಟುಬಿಡ್ರಿ."

ನಿಯಮದಲ್ಲಿ ಇದಕ್ಕೆ ಜಾಗವಿತ್ತೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ. ಮರುದಿನ ಶಾಲೆ ಬಿಟ್ಟ ದಾಖಲೆಯ ಒಂದು ಫಾರ್ಮು ತೆಗೆದುಕೊಂಡು ಕೂತೆ. ಆಕೆ ಎದುರಿಗೆ ನೆಲದ ಮೇಲೆ ಕೂತಳು. ಹೆಸರು ಬರೆದೆ. ಹುಟ್ಟಿದ ದಿನ ಆಕೆಗೆ ಗೊತ್ತಿರಲಿಲ್ಲ, ಖಾಲಿ ಬಿಟ್ಟೆ. ನಡತೆ, ಒಳ್ಳೆಯದು. ಕೊನೆಗೆ ಶಾಲೆ ಬಿಟ್ಟ ಕಾರಣ. ಅಲ್ಲಿ ಲೇಖನಿ ನಿಂತಿತು. ಆ ಜಾಗದಲ್ಲಿ ನಾನು ಎಷ್ಟೋ ಹುಡುಗಿಯರಿಗೆ ಬರೆದದ್ದು ಒಂದೇ ಶಬ್ದ. ಆಕೆಗೂ ಅದೇ ಸಮಾಧಾನ ಕೊಟ್ಟೀತು ಎನಿಸಿತು.

"ಲಗ್ನ ಆತು ಅಂತ ಬರೀಲ್ರಿ ಅವ್ವಾ?"

"ಯಾರ ಲಗ್ನರಿ?" ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ಆಗೂ ಊರಾಗ ಸಾಲಿ ಇತ್ತು. ನಾ ಹೋಗ್ತೇನಿ, ನಾ ಹೋಗ್ತೇನಿ ಅಂತ ದಿನಾ ಕಾಲು ಹಿಡೀತಿದ್ಲು. ನಾನ ಬಿಡಲಿಲ್ಲ. ಮಗ್ಗದ ಕಂಡಿಕಿಗೆ ನೂಲು ಸುತ್ತಾಕ ಸಣ್ಣ ಕೈ ಬೇಕಾಗಿದ್ವು. ನಾಳಿ ಹೋಗೀಯಂತ, ನಾಡದ ಹೋಗೀಯಂತ ಅಂದೆ. ಅಷ್ಟರಾಗ ಜ್ವರಾ ಬಂತು. ಕಂಡಿಕಿ ಸುತ್ತಾಕ ಬೇಕಂತ ಅವ್ವ ಸಾಲಿಗೆ ಕಳಸಲಿಲ್ಲ ಅಂತ ಬರೀರಿ."

"ಅವ್ವಾ…"

"ಖರೇನ ಬರೀರಿ ಅಕ್ಕೋರ."

ಬರೆದೆ. ಓದಿ ಹೇಳ್ರಿ ಎಂದಳು, ಓದಿದೆ. ಆಕೆ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಕೊನೆಯ ಸಾಲಿನವರೆಗೂ ಕೇಳಿದಳು. ನಾನು ಅತ್ತುಬಿಟ್ಟೆ, ಆಕೆ ಅಳಲಿಲ್ಲ.

"ಇನ್ನೊಮ್ಮಿ ಓದ್ರಿ" ಎಂದಳು. "ಎಲ್ಲಾರೂ ಹೊಗಳಿದ್ರು. ಇದನ್ನ ಇಷ್ಟ ವರ್ಷ ಯಾರೂ ನನಗ ಅಂದಿದ್ದಿಲ್ಲ."