ಅಕ್ಕನಿಗೆ ಸಲಾಯಿನ್ ಕಡಿಮೆ ಹಚ್ಚಿದ ದಿನ

ಮೊನ್ನೆ ತೆಲಸಂಗದಲ್ಲಿ ಅಕ್ಕನ ದ್ರಾಕ್ಷಿ ತೋಟದೊಳಗೆ ನಿಂತಿದ್ದಾಗ ಕನ್ನಡಕದ ಮೇಲೆ ಒಂದು ಹನಿ ಬಿತ್ತು. ಆಕಾಶದಲ್ಲಿ ಮೋಡವಿರಲಿಲ್ಲ. ಕತ್ತೆತ್ತಿದರೆ, ಚಾಟ್ನಿ ಹೊಡೆದ ಬಳ್ಳಿಯ ತುದಿ. ಬಳ್ಳಿ ಸವರುವುದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ. ಬೇರಿಗೆ ನೀರು ಹೆಚ್ಚಾಗಿದ್ದರೆ ಕೊಯ್ದ ತುದಿ ಹೀಗೆ ತೊಟ್ಟಿಕ್ಕುತ್ತದೆ. ಅಥಣಿಯಲ್ಲಿ ಗುಮಾಸ್ತನಾಗಿರುವ ನನಗೆ ಇದು ಗೊತ್ತಾದದ್ದು ತೋಟದಲ್ಲಲ್ಲ, ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ.

ಹತ್ತು ವರ್ಷದ ಮೇಲಾಯಿತು. ಅಕ್ಕನ ಲಿವರಿನಲ್ಲಿ ಗಡ್ಡೆ ಕಂಡಿತ್ತು. ಒಂದು ಪಾಲನ್ನೇ ಕೊಯ್ದು ತೆಗೆಯಬೇಕು, ಅದು ರಕ್ತ ತುಂಬಿಕೊಂಡ ಅಂಗ, ರಕ್ತ ಹೋಗುವುದೇ ದೊಡ್ಡ ಭಯ ಎಂದರು ಡಾಕ್ಟರು. ಭಯಪಡುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ನೋಡಿ. ಬಸ್ಸು ಹತ್ತಿದರೆ ಡ್ರೈವರಿಗೆ ನಿದ್ದೆಯಾಗಿದೆಯೋ ಇಲ್ಲವೋ ಎಂದು ವಿಚಾರಿಸುವವನು ನಾನು. ಒಂದು ಕ್ರೂಸರ್ ಗಾಡಿ ತುಂಬ ಬಂಧುಗಳನ್ನು ರಕ್ತ ಕೊಡಿಸಲು ಕರೆತಂದೆ, ದಪ್ಪಗಿದ್ದವರನ್ನೇ ಆರಿಸಿದ್ದೆ. ಎಲ್ಲರೂ ಕೊಟ್ಟರು. ನನ್ನ ಸರದಿ ಬಂದಾಗ ಸೂಜಿ ನೋಡಿಯೇ ಬಿಪಿ ಏರಿತು. ನರ್ಸಬಾಯಿ ನನ್ನನ್ನು ಮಲಗಿಸಿ ಚಹಾ ಕುಡಿಸಿ ಕಳಿಸಿದರು.

ಆಪರೇಷನ್ನಿನ ಮುಂಚಿನ ದಿನ ಅರಿವಳಿಕೆ ಕೊಡುವ ಡಾಕ್ಟರಬಾಯಿ ಬಂದರು. ನಿಪ್ಪಾಣಿಯವರು, ಮಾತಿನಲ್ಲಿ ಅರ್ಧ ಮರಾಠಿ. ಕೊಯ್ಯುವುದು ಮುಗಿಯುವತನಕ ಸಲಾಯಿನ್ ಕಡಿಮೆ ಬಿಡುತ್ತೇವೆ ಎಂದರು. ನನ್ನ ಜೀವ ಬಾಯಿಗೆ ಬಂತು. ನೆಗಡಿಯಾದರೂ ಮೊಳೆಗೆ ಬಾಟಲಿ ತೂಗುಹಾಕದ ಡಾಕ್ಟರನ್ನು ಡಾಕ್ಟರೆಂದೇ ಒಪ್ಪದ ಊರಿನವರು ನಾವು.

“ಇಷ್ಟ ದೊಡ್ಡ ಆಪರೇಷನ್ನಿಗಿ ಕಡಿಮಿ ಯಾಕ್ರಿ? ಇನ್ನೆರಡ ಬಾಟ್ಲಿ ಜಾಸ್ತಿ ಹಚ್ರಿ!” ಎಂದೆ. ಅಕ್ಕನ ಗಂಡ, ನಮ್ಮ ಮಾವ, ಪೆನ್ನು ಹಿಡಿಯಲು ಒಪ್ಪದ್ದರಿಂದ ಒಪ್ಪಿಗೆ ಪತ್ರಕ್ಕೆ ಮನೆಯವರ ಸಹಿ ನನ್ನ ಪಾಲಿಗೆ ಬಂದಿತ್ತು. ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡೆ.

“ನರ ತುಂಬಿದ್ರ ಲಿವರ್ ಕೊಯ್ಯುವಾಗ ರಕ್ತ ಭಾಳ ಹೋಗ್ತೈತ್ರಿ,” ಎಂದರು ಅವರು.

ಹಾಸಿಗೆಯಲ್ಲಿದ್ದ ಅಕ್ಕ ನಕ್ಕಳು. “ಲೇ ತಮ್ಮಾ, ಚಾಟ್ನಿಗಿ ಮೊದಲ ನಾವು ನೀರ ಬಂದ್ ಮಾಡೂದಿಲ್ಲೇನೋ? ನೀರ ಬಿಟ್ಟ ಕೊಯ್ದ್ರ ಬಳ್ಳಿ ಸುರೀತೈತಿ. ಡಾಕ್ಟರಬಾಯಾರು ಖರೇ ಹೇಳಾಕತ್ತಾರ.”

ಡಾಕ್ಟರಬಾಯಿ ಖುಷಿಯಾಗಿ ಅಲ್ಲೇ ಕೂತರು, ಮರಾಠಿಯಲ್ಲಿ ಚಿಕ್ಕಮ್ಮನಿಗೆ ಹೇಳುವಂತೆ ಅಕ್ಕನನ್ನು ಕಾಕು ಎಂದರು. “ಹಂಗ ನೋಡ್ರಿ ಕಾಕು, ಲಿವರಿಗಿ ರಕ್ತ ಬರೋ ಹಾದೀನ ಸರ್ಜನ್ನರು ಸ್ವಲ್ಪ ಹೊತ್ತು ಒತ್ತಿ ಹಿಡಿತಾರ.”

“ನೀರಿನ ವಾಲ್ ತಿರುವಿದಂಗ?”

“ಹಂಗ.”

“ಭಾಳೊತ್ತ ಹಿಡೀಬ್ಯಾಡ್ರೆವ್ವಾ, ಒಣಗತೈತಿ.”

“ನಡುನಡು ಬಿಡ್ತೇವ್ರಿ!”

ಕೊಯ್ಯಿಸಿಕೊಳ್ಳುವವಳು ಸಲಹೆ ಕೊಡುತ್ತಿದ್ದಳು, ನಾನು ಬೆವರುತ್ತಿದ್ದೆ. ಪೆನ್ನು ತೆಗೆದು ಸಹಿ ಮಾಡಿದೆ. ಇಂದಿಗೂ ಆ ಸಹಿ ನನ್ನದೆಂದು ಯಾವ ಬ್ಯಾಂಕೂ ಒಪ್ಪಲಾರದು.

ಮರುದಿನ ಬಾಗಿಲು ತೆರೆದಾಗಲೆಲ್ಲ ಇನ್ನಷ್ಟು ರಕ್ತ ಕೇಳಲು ಬಂದರೆಂದೇ ಎದ್ದು ನಿಂತೆ. ಒಮ್ಮೆ ಬಂದದ್ದು ನೆಲ ಒರೆಸುವವಳು. ಕೊನೆಗೆ ಸರ್ಜನ್ನರೇ ಬಂದರು. ಗಡ್ಡೆ ಇದ್ದ ಪಾಲು ತೆಗೆದಾಯಿತು, ಹೊರಗಿನ ರಕ್ತ ಒಂದು ಬಾಟಲಿಯೂ ಬೇಕಾಗಲಿಲ್ಲ ಎಂದರು. ನಾನು ಅತ್ತುಬಿಟ್ಟೆ.

ನಮ್ಮ ಚಿಕ್ಕಪ್ಪನ ಮಗ ಅಪ್ಪಾಸಾಬ ಮಾತ್ರ ಮುಖ ಗಂಟು ಹಾಕಿದ. “ಅಷ್ಟ ದೂರದಿಂದ ಬಂದ ಕೊಟ್ಟೇವಿ. ನಮ್ಮ ರಕ್ತ ಬ್ಯಾಡಾತೇನ?”

“ಬ್ಯಾರೆ ಯಾರಿಗರೆ ಹಚ್ತಾರೋ,” ಎಂದೆ.

“ಯಾರಿಗಿ ಅಂತ ತಿಳದ್ರ ಹೇಳು. ಪಾಪ, ಮಾತಾಡ್ಸಿ ಬರೂನು,” ಎಂದ. ಸಿಟ್ಟು ಅಲ್ಲಿಗೆ ಇಳಿಯಿತು.

ಇಷ್ಟೆಲ್ಲ ನೆನೆಯುತ್ತ ತೋಟದಲ್ಲಿ ನಿಂತವನನ್ನು, ಆಳುಗಳನ್ನು ಕೂಗುತ್ತಿದ್ದ ಅಕ್ಕನ ಧ್ವನಿ ಎಚ್ಚರಿಸಿತು. ಕತ್ತರಿ ಹಿಡಿದು ಆಳುಗಳಿಗಿಂತ ಮುಂದೆ ನಡೆದಿದ್ದಳು. “ಬಿಸಲಾಗೈತಿ, ನೆಳ್ಳಾಗ ಕೂಡ ಅಕ್ಕಾ,” ಎಂದೆ, ರೂಢಿಯಂತೆ.

“ನೀ ಕೂಡಪಾ. ನಿನ್ನ ಮಾರಿ ನೋಡಿದ್ರ ನಂಗ ಮತ್ತ ಆಪರೇಷನ್ ಐತೇನೋ ಅನಸ್ತೈತಿ.”

ಕೂತೆ. ಅವಳು ಸಾಲಿನ ಕೊನೆ ಮುಟ್ಟಿ, ತಿರುವಿನಲ್ಲಿ ಮರೆಯಾದಳು. ಈ ಹತ್ತು ವರ್ಷ ಅವಳು ಕಣ್ಮರೆಯಾದರೆ ಹಿಂದೆಯೇ ಓಡುತ್ತಿದ್ದ ನಾನು ಈ ಸಲ ಎದ್ದು ಹೋಗಲಿಲ್ಲ, ಕೂಗಲೂ ಇಲ್ಲ.