ಸಿಸ್ಟರ್ ಡಿಗ್ರಿಗೆ ಒಂದು ಆಟ ಬಾಕಿ

“ನಿಮ್ಮ ಮಗನ ಹಳೇ ಕ್ಯಾನ್ವಾಸ್ ಬೂಟು ಮನ್ಯಾಗ ಅದಾವೇನ್ರಿ?”

ಹೋದ ವಾರ ಬೆಳಗ್ಗೆ ಬಾಗಿಲು ತೆರೆದರೆ ಎದುರಿಗೆ ಎಸ್ತೇರಮ್ಮ ನಿಂತಿದ್ದರು. ಬೀದರಿನ ಮೈಲೂರಿನಲ್ಲಿ ನಮ್ಮ ಪಕ್ಕದ ಮನೆಯವರು. ವಯಸ್ಸು ಅರವತ್ತು ದಾಟಿದೆ. ಭಾಲ್ಕಿಯ ದವಾಖಾನೆಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದವರು, ಹೀಗಾಗಿ ಇಡೀ ಓಣಿಗೆ ಅವರು ‘ಸಿಸ್ಟರ್’. (ಅವರ ಗಂಡನೂ ಹಾಗೇ ಕರೆಯುತ್ತಾರೆ. ಯಾರೂ ನಗುವುದಿಲ್ಲ, ಅಭ್ಯಾಸವಾಗಿಬಿಟ್ಟಿದೆ.)

“ಬೂಟು ಯಾಕ್ರಿ ಸಿಸ್ಟರ್?”

“ಶನಿವಾರ ಥ್ರೋಬಾಲ್ ಆಡೋದದ. ಆಡದಿದ್ರ ಡಿಗ್ರಿ ಕೊಡಂಗಿಲ್ಲಂತ.”

ಅವರು ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಸಿಸ್ಟರ್ ಈಗ ಬೀದರಿನ ಒಂದು ಕಲಾ ಮತ್ತು ಸಂವಹನ ಕಾಲೇಜಿನಲ್ಲಿ ಬಿ.ಎ. ಕೊನೆಯ ಸೆಮಿಸ್ಟರ್. (ಕಾಲೇಜಿನ ಹೆಸರು ಬೇಡ. ಪ್ರಿನ್ಸಿಪಾಲರು ಈ ಅಂಕಣ ಓದುತ್ತಾರೆ.) ರಿಟೈರ್ ಆದ ಮೇಲೆ ಜನ ತೀರ್ಥಯಾತ್ರೆ ಮಾಡುತ್ತಾರೆ, ಹಪ್ಪಳ ಒತ್ತುತ್ತಾರೆ, ಸೊಸೆಯ ಜೊತೆ ಜಗಳ ಆಡುತ್ತಾರೆ. ಇವರು ಕಾಲೇಜಿಗೆ ಅರ್ಜಿ ಹಾಕಿದರು. “ನರ್ಸಿಂಗ್ ಕಲ್ತಿದ್ದು ಮನಿಗೆ ಬೇಕಾಗಿತ್ತಂತ. ಇದು ನನಗ ಬೇಕಾಗ್ಯದ” ಎಂದಷ್ಟೇ ಅವತ್ತು ಹೇಳಿದ್ದರು.

ಈಗಿನ ಡಿಗ್ರಿ ಅಂದರೆ ನಮ್ಮ ಕಾಲದ ಹಾಗಲ್ಲ ಬಿಡಿ. ನಾವು ಪಾಠ ಓದಿ, ಪರೀಕ್ಷೆ ಬರೆದು, ರಿಸಲ್ಟ್ ದಿನ ದೇವರಿಗೆ ಕೈಮುಗಿದರೆ ಮುಗಿಯಿತು. ಈಗ ಎಲ್ಲಕ್ಕೂ ಕ್ರೆಡಿಟ್. ಭಾಷೆಗೆ ಇಷ್ಟು, ಸಂವಿಧಾನಕ್ಕೆ ಇಷ್ಟು, ಪರಿಸರಕ್ಕೆ ಇಷ್ಟು, ಕಂಪ್ಯೂಟರಿಗೆ ಇಷ್ಟು. ಸಿಸ್ಟರ್ ಎಲ್ಲವನ್ನೂ ಪಾಸು ಮಾಡಿಕೊಂಡು ಬಂದಿದ್ದರು. ವಿಡಿಯೋ ಎಡಿಟಿಂಗ್ ಕಲಿತರು. ಇಂಟರ್ನ್‌ಶಿಪ್ಪಿಗೆ ಲೋಕಲ್ ಚಾನೆಲ್ಲಿಗೆ ಹೋಗಿ ಡೆಂಗೆ ಜ್ವರದ ಬಗ್ಗೆ ಕಾರ್ಯಕ್ರಮ ಮಾಡಿದರು, ಬರುವಾಗ ಅಲ್ಲಿನ ಕ್ಯಾಮೆರಾಮನ್ನನ ಬಿ.ಪಿ. ನೋಡಿ, ಉಪ್ಪು ಕಡಿಮೆ ಮಾಡು ಎಂದು ಬೈದು ಬಂದರು. ಉಳಿದಿದ್ದು ಒಂದೇ ಒಂದು. ಕ್ರೀಡೆಯ ಕ್ರೆಡಿಟ್.

ನನಗೆ ಸಿಟ್ಟು ಬಂತು. ಪತ್ರಿಕೋದ್ಯಮ ಓದುವವರಿಗೆ ಥ್ರೋಬಾಲ್ ಯಾಕೆ? ನಾಳೆ ಮಂತ್ರಿಗಳ ಪ್ರೆಸ್‌ಮೀಟಿನಲ್ಲಿ ಚೆಂಡು ಎಸೆಯುತ್ತಾರಾ?

“ಸಿಸ್ಟರ್, ಒಂದು ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಬಿಡ್ರಿ. ಆಡೋದು ತಪ್ತದ” ಎಂದೆ. ನಿಯಮದಲ್ಲಿ ಅದಕ್ಕೆ ದಾರಿ ಇತ್ತು. ಅನಾರೋಗ್ಯ ಅಂತ ಸರ್ಟಿಫಿಕೇಟ್ ಕೊಟ್ಟವರು ಆಟದ ಬದಲು ‘ಆರೋಗ್ಯ ಮತ್ತು ಕ್ರೀಡೆ’ ಅಂತ ಒಂದು ಪ್ರಾಜೆಕ್ಟ್ ಬರೆದುಕೊಟ್ಟರೆ ಸಾಕು. ಅವರ ಕ್ಲಾಸಿನವರೆಲ್ಲ ಅದನ್ನೇ ಮಾಡಿದ್ದರು. ಎಲ್ಲರದೂ ಒಂದೇ ಕಾಯಿಲೆಯಂತೆ, ಎಡ ಮೊಣಕಾಲು ನೋವು. ಒಬ್ಬರದು ನೋಡಿ ಇನ್ನೊಬ್ಬರು ಬರೆಸಿಕೊಂಡಿರಬೇಕು. ಕಾಲೇಜು ಹುಡುಗರ ಇಡೀ ಬ್ಯಾಚಿನ ಎಡ ಮೊಣಕಾಲು ಒಂದೇ ವಾರದಲ್ಲಿ ಕೆಟ್ಟಿತ್ತು!

ಸಿಸ್ಟರ್ ನನ್ನನ್ನು ಒಂದು ಕ್ಷಣ ಹಾಗೇ ನೋಡಿದರು. ಇಂಜೆಕ್ಷನ್ ಕೊಡುವ ಮೊದಲು ನರ್ಸುಗಳು ನೋಡುತ್ತಾರಲ್ಲ, ಹಾಗೆ.

“ಭಾಲ್ಕಿ ದವಾಖಾನ್ಯಾಗ ಇದ್ದಷ್ಟು ದಿನ ಇಂಥಾ ಸುಳ್ಳು ಸರ್ಟಿಫಿಕೇಟ್ ಕೇಳಾಕ ಬಂದವರನ್ನ ನಾನೇ ಬಾಗಿಲದಿಂದ ಹೊರಗ ಹಾಕೀನ್ರಿ. ಮದಿವಿಗೆ ಹೋಗಬೇಕಂದ್ರ ಜ್ವರ. ಎಲೆಕ್ಷನ್ ಡ್ಯೂಟಿ ಬಂತಂದ್ರ ಮಾಸ್ತರರಿಗೆಲ್ಲ ಒಂದೇ ದಿನ ಬೆನ್ನು ಬ್ಯಾನಿ. ಈಗ ನಾನೇ ಹೋಗಿ ಆ ಲೈನಿನಾಗ ನಿಂದರಲೇನ್ರಿ? ನನಗೇನಾಗ್ಯದ, ಗುಂಡಕಲ್ಲ ಇದ್ದಂಗ ಅದೀನಿ.”

ನಾನು ತೆಪ್ಪಗೆ ಬೂಟು ತಂದುಕೊಟ್ಟೆ. ಒಂದು ಸೈಜು ದೊಡ್ಡದಾಯಿತು. ಮುಂದೆ ಹತ್ತಿ ತುರುಕಿಕೊಂಡರು. (ನರ್ಸ್ ಮನೆಯಲ್ಲಿ ಹತ್ತಿಗೆ ಬರವೇ?)

ಶನಿವಾರ ನಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಕಾಲೇಜಿಗೆ ಹೋದೆ. ಸಿಸ್ಟರ್ ಸೀರೆಯ ನೆರಿಗೆ ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿ, ಪಿನ್ ಹಾಕಿ, ಬಿಳಿ ಬೂಟು ತೊಟ್ಟು ತಯಾರಾಗಿದ್ದರು. ದಾರಿಯುದ್ದಕ್ಕೂ ನರ್ಸಿಂಗ್ ಹಾಸ್ಟೆಲಿನ ಥ್ರೋಬಾಲ್ ಕಥೆಗಳು. ಕೈಯಲ್ಲಿ ಎಂಥಾ ಜೋರಿತ್ತು, ವಾರ್ಡನ್ ಕಿಟಕಿಯ ಗಾಜು ಹೇಗೆ ಒಡೆಯಿತು, ಅಪವಾದ ಯಾರ ತಲೆಗೆ ಬಂತು. ನನಗಿಂತ ಅವರೇ ಖುಷಿಯಾಗಿದ್ದರು.

ಗ್ರೌಂಡಿನಲ್ಲಿ ನೋಡಿದರೆ ಇಡೀ ಕ್ಲಾಸೇ ಬೇವಿನ ಮರದ ಕೆಳಗೆ ಹಾಜರು. ಆಡಲು ಅಲ್ಲ ಸ್ವಾಮಿ. ಸಿಸ್ಟರ್ ಆಡುವುದನ್ನು ಶೂಟ್ ಮಾಡಲು! ಸಂವಹನದ ಹುಡುಗರಲ್ಲವೇ? ಟ್ರೈಪಾಡ್, ಮೈಕು, ನಾಲ್ಕಾರು ಮೊಬೈಲು. “ಸಿಸ್ಟರ್, ಜರಾ ಈ ಕಡಿ ನೋಡ್ರಿ” ಎಂಬ ಕೂಗು.

ಆಗ ಪಿ.ಡಿ. ಸರ್ ಬಂದರು. ಕಾಲೇಜಿನ ಆಟದ ಮೇಷ್ಟ್ರು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಚೆಂಡು.

“ಟೀಮ್ ಎಲ್ಲದ್ರಿ ಸಿಸ್ಟರ್?”

“ಯಾವ ಟೀಮ್ ಸರ?”

“ಥ್ರೋಬಾಲ್ ಒಬ್ಬರೇ ಹ್ಯಾಂಗ ಆಡ್ತೀರಿ? ಒಂದೊಂದು ಕಡಿ ಏಳೇಳು ಮಂದಿ ಬೇಕು. ಮ್ಯಾಚ್ ಆಡಿದ್ರೇ ಮಾರ್ಕ್ಸ್. ಅದೂ ಇವತ್ತ ಸಂಜಿ ಒಳಗ ಯುನಿವರ್ಸಿಟಿಗೆ ಕಳಿಸಬೇಕು. ಇಲ್ಲಾಂದ್ರ ಮುಂದಿನ ವರ್ಷ.”

ಇದು ಯಾರಿಗೂ ಹೊಳೆದಿರಲಿಲ್ಲ ನೋಡಿ. ಕ್ಲಾಸಿನವರೆಲ್ಲ ಕಾಗದದ ಮೇಲೆ ಕುಂಟರು. ಆಡಲು ಅರ್ಹರಾದವರು ಇಡೀ ಬ್ಯಾಚಿನಲ್ಲಿ ಒಬ್ಬರೇ, ಎಲ್ಲರಿಗಿಂತ ಹಿರಿಯರು.

ಸಿಸ್ಟರ್ ನಗುತ್ತಲೇ ಕೇಳಿದರು, “ಮುಂದಿನ ವರ್ಷ ಅಂತೀರಿ. ಈ ವಯಸ್ಸಿನಾಗ ಅದರ ಗ್ಯಾರಂಟಿ ಯಾರು ಕೊಡ್ತಾರ್ರಿ ಸರ?”

ಪಾಪ, ಪಿ.ಡಿ. ಸರ್ ನೆಲ ನೋಡಿದರು. ನನಗೆ ತಡೆಯಲಾಗಲಿಲ್ಲ. “ನಾ ಆಡ್ತೇನ್ರಿ” ಎಂದು ಮುಂದೆ ಹೋದೆ.

“ಮೇಡಂ, ನೀವು ನಮ್ಮ ಕಾಲೇಜಿಗೆ ಅಡ್ಮಿಷನ್ ಆಗೀರೇನ್ರಿ?”

ವಾಪಸ್ ಬಂದೆ.

ಮರದ ಕೆಳಗೆ ಗುಸುಗುಸು ಶುರುವಾಯಿತು. ಹುಡುಗರ ಸಂಕಟ ನನಗೂ ಅರ್ಥವಾಗುತ್ತಿತ್ತು. ಆಡಲು ಇಳಿದರೆ ಸರ್ಟಿಫಿಕೇಟ್ ಸುಳ್ಳು ಅಂತ ತಾವೇ ಒಪ್ಪಿಕೊಂಡ ಹಾಗೆ. ಬರೆದ ಪ್ರಾಜೆಕ್ಟ್ ನೀರುಪಾಲು. ಪಿ.ಡಿ. ಸರ್ ಸಿಟ್ಟಾದರೆ ಅವರ ಡಿಗ್ರಿಗೇ ಕುತ್ತು. ಬೇರೆಯವರ ಕ್ರೆಡಿಟ್ಟಿಗಾಗಿ ಯಾರಾದರೂ ತಮ್ಮ ಕ್ರೆಡಿಟ್ ಪಣಕ್ಕಿಡುತ್ತಾರೆಯೇ? ನೀವಾದರೆ ಇಡುತ್ತಿದ್ದಿರಾ?

ಟ್ರೈಪಾಡಿನ ಹಿಂದಿದ್ದ ಹುಡುಗಿ ಕ್ಯಾಮೆರಾ ಆಫ್ ಮಾಡಿದಳು. ಸುಮಯ್ಯಾ ಅಂತ ಹೆಸರು, ಔರಾದದಿಂದ ದಿನಾ ಬಸ್ಸಿನಲ್ಲಿ ಬರುವವಳು. ದುಪಟ್ಟಾ ಬಿಗಿಯಾಗಿ ಕಟ್ಟಿಕೊಂಡು, ಚಪ್ಪಲಿ ಬಿಟ್ಟು, ಸೀದಾ ಕೋರ್ಟಿಗೆ ನಡೆದಳು.

“ಲೇ, ನಿನ್ನ ಮೊಣಕಾಲು!” ಎಂದು ಹಿಂದಿನಿಂದ ಯಾರೋ ಎಚ್ಚರಿಸಿದರು.

“ದಿನಾ ಸಂಜಿಕಿ ಔರಾದ ಬಸ್ಸಿನ ಹಿಂದ ಓಡ್ತೇನಿ. ನನ್ನ ಮೊಣಕಾಲು ಹ್ಯಾಂಗ ಅದ ಅಂತ ಕಂಡಕ್ಟರಗ ಗೊತ್ತದ” ಎಂದಳು. ಆಮೇಲೆ ಪಿ.ಡಿ. ಸರ್ ಕಡೆ ತಿರುಗಿ, “ಸರ, ನಂದು ಸುಳ್ಳು ಸರ್ಟಿಫಿಕೇಟ್. ಬೇಕಾದ್ರ ಫೇಲ್ ಮಾಡ್ರಿ. ಸಿಸ್ಟರ್‌ದು ಮಾತ್ರ ಇವತ್ತೇ ಮುಗಿಸ್ರಿ” ಎಂದಳು.

ಅಯ್ಯೋ, ಆ ಹುಡುಗಿಯನ್ನು ಅಪ್ಪಿಕೊಂಡುಬಿಡೋಣ ಅನ್ನಿಸಿತು ನನಗೆ.

“ಫಿಕರ್ ನಕ್ಕೋ ಸಿಸ್ಟರ್, ಚಿಂತಿ ಮಾಡಬ್ಯಾಡ್ರಿ” ಎಂದು ಸಿಸ್ಟರ್ ಪಕ್ಕ ಹೋಗಿ ನಿಂತಳು. ಅವಳ ಹಿಂದೆ ಜನವಾಡದ ವಿನೋದ ಬಂದ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಮರದ ಕೆಳಗೆ ಉಳಿಯುವುದೇ ನಾಚಿಕೆಯಾಯಿತೋ ಏನೋ, ಎಲ್ಲರೂ ಎದ್ದರು. ಏಳೇಳು ಮಂದಿ ಆಗಿ, ಮಿಕ್ಕವರು “ನಮ್ಮ ಪಾಳಿ ಯಾವಾಗ?” ಎಂದು ಸಾಲು ಹಚ್ಚಿ ನಿಂತರು.

ಪಿ.ಡಿ. ಸರ್ ಎಲ್ಲರನ್ನೂ ಗುರಾಯಿಸಿ ನೋಡಿದರು. ಆಮೇಲೆ ಸೀಟಿ ಊದಿದರು!

ಆ ಮ್ಯಾಚನ್ನು ಏನಂತ ವರ್ಣಿಸಲಿ? ಒಬ್ಬರಿಗೂ ಆಟ ಬರುತ್ತಿರಲಿಲ್ಲ. ಎಲ್ಲಿಂದ ಬರಬೇಕು? ಹೈಸ್ಕೂಲಿನಲ್ಲಿ ಅವರ ಪಿ.ಟಿ. ಪೀರಿಯಡ್ಡನ್ನೆಲ್ಲ ಗಣಿತದವರು ತೆಗೆದುಕೊಂಡರು. ಪಿಯುಸಿಯಲ್ಲಿ ಗ್ರೌಂಡಿಗೆ ಹೋದರೆ ಮನೆಗೆ ಫೋನ್ ಹೋಯಿತು. ಆಡಬೇಡಿ, ಓದಿ ಎಂದು ನಾವೇ ಬಡಿದುಕೊಂಡೆವು. ಈಗ ಡಿಗ್ರಿಗೆ ಬಂದ ಮೇಲೆ ಆಡಿ ಎಂದರೆ ಅವರು ಸರ್ಟಿಫಿಕೇಟ್ ತರದೆ ಇನ್ನೇನು ಮಾಡಿಯಾರು?

ಚೆಂಡು ಬಂದರೆ ಹುಡುಗರು ಮುಖ ಮುಚ್ಚಿಕೊಳ್ಳುತ್ತಿದ್ದರು. ಸಿಸ್ಟರ್ ಅವರ ವಾರ್ಡಿನ ದನಿ ಹೊರಬಿತ್ತು. “ಕಣ್ಣು ತಗಿ! ಚೆಂಡ ಏನ್ ಕಚ್ತದ? ಏ ವಿನೋದ, ನಿಂದರಬ್ಯಾಡ, ಅತ್ತ ಸರಿ!” ಅವರ ಸರ್ವ್ ಒಂದು ಬಂತು ನೋಡಿ, ಎದುರಿನವರು ಹಿಡಿಯುವುದಿರಲಿ, ದಾರಿ ಬಿಟ್ಟು ನಿಂತರು. ಆ ವಾರ್ಡನ್ ಕಿಟಕಿಯ ಕಥೆ ನನಗೆ ಆಗ ಪೂರ್ತಿ ನಂಬಿಕೆಯಾಯಿತು.

ನಡುವೆ ವಿನೋದ ಹಾರಲು ಹೋಗಿ ಬಿದ್ದು, “ಯವ್ವಾ!” ಎಂದು ಮೊಣಕಾಲು ಹಿಡಿದುಕೊಂಡ. ಸಿಸ್ಟರ್ ಆಟ ಬಿಟ್ಟು ಓಡಿದರು, ಒತ್ತಿ ನೋಡಿದರು, ಮಡಿಸಿ ನೋಡಿದರು. “ಏನೂ ಆಗಿಲ್ಲ. ಜರಾ ತರಚ್ಯದ. ಇವನ ಒಬ್ಬನ ಸರ್ಟಿಫಿಕೇಟ್ ಖರೇ ಆಯ್ತು ನೋಡ್ರಿ ಸರ!”

“ಇಲ್ರಿ ಸಿಸ್ಟರ್,” ಪಿ.ಡಿ. ಸರ್ ತಲೆ ಅಲ್ಲಾಡಿಸಿದರು. “ಕಾಗದದಾಗ ಎಡಗಾಲು ಅದ. ಇವ ಬಲಗಾಲ ಹಿಡ್ಕೊಂಡಾನ.”

ಬಿದ್ದವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಮ್ಯಾಚಿನಲ್ಲಿ ಸಿಸ್ಟರ್ ಟೀಮ್ ಸೋತಿತು. ಅದರ ಬಗ್ಗೆ ಅವರು ಮನೆ ತಲುಪುವ ತನಕ ಗೊಣಗುತ್ತಿದ್ದರು. ಆದರೆ ಮಾರ್ಕ್ಸ್ ಬಿತ್ತು. ಪಿ.ಡಿ. ಸರ್ ಕೊನೆಗೆ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಬೈಗುಳ ಬಂತು ಅಂತ ಎಲ್ಲರೂ ತಲೆ ತಗ್ಗಿಸಿದರು.

“ಆಡಿದವರಿಗೆಲ್ಲ ಆಟದ ಮ್ಯಾಲೇ ಮಾರ್ಕ್ಸ್ ಹಾಕ್ತೇನಿ. ಸೋಮವಾರ ನನ್ನ ರೂಮಿಗೆ ಬಂದು ನಿಮ್ಮ ನಿಮ್ಮ ಮೊಣಕಾಲು ವಾಪಸ್ ತಗೊಂಡು ಹೋಗ್ರಿ.”

ಹೋ ಎಂದು ಗದ್ದಲವೆದ್ದಿತು. ಪರೀಕ್ಷೆ ಮುಗಿದಿತ್ತು, ಮನೆಗೆ ಹೋಗಬಹುದಿತ್ತು. ಯಾರೂ ಹೋಗಲಿಲ್ಲ. ಬಿಸಿಲು ಏರಿದರೂ ಆಡುತ್ತಲೇ ಇದ್ದರು. ಸುಮಯ್ಯಾ ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡಳು. “ಮುಂದಿನದು ಬರ್ತದ ಬಿಡ್ರಿ” ಎಂದು ಬೆವರೊರೆಸಿಕೊಂಡು ಮತ್ತೆ ಚೆಂಡು ಎತ್ತಿಕೊಂಡಳು. ಒಬ್ಬರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಅಷ್ಟು ಚೆಂದದ ಮ್ಯಾಚಿನ ಒಂದು ವಿಡಿಯೋ ಕೂಡ ಇಲ್ಲ, ಮಾಡಬೇಕಾದವರೆಲ್ಲ ಆಡುತ್ತಿದ್ದರು.

ನಿನ್ನೆ ಸಂಜೆ ಚಹಾ ಕುಡಿಯುತ್ತ ನಾನು ಕೇಳಿದೆ. “ಡಿಗ್ರಿ ಆದಂಗ ಆಯ್ತಲ್ರಿ ಸಿಸ್ಟರ್. ಮುಂದ ಎಂ.ಎ. ಮಾಡ್ತೀರೇನು?”

“ವಿಚಾರಿಸ್ದೆ. ಅದಕ್ಕ ಆಟದ ಕ್ರೆಡಿಟ್ ಇಲ್ಲಂತ್ರಿ” ಎಂದು ಅವರು ಬಹಳ ಬೇಸರದಿಂದ ಕಪ್ಪು ಕೆಳಗಿಟ್ಟರು. “ಅದೆಂಥಾ ಡಿಗ್ರಿರಿ ಅದು?”